ರಾಮಾಪುರದ ಮಿಸ್ಡ್ ಕಾಲ್

ಹನೂರಿನಿಂದ ರಾಮಾಪುರಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ಹೊನ್ನೂರಿನ ಜ್ಯೋತಿಲಕ್ಷ್ಮಿ ತನ್ನ ದನಿಯನ್ನು ಕಂಪ್ಯೂಟರಿಗೆ ಮಾರಿಕೊಂಡು, ಕಾಲು ಚಾಚಿ ಕೂತು ಸಂಬಳ ತಿನ್ನುತ್ತಿದ್ದಾಳೆ. ಪುಟ್ಟಮಾದಮ್ಮ ಫೋನು ಮಾಡಿದ್ದನ್ನು ಕಂಡೂ ಕಾಣದವಳಂತಿದ್ದು ಆ ಮುದುಕಿಯನ್ನು ಸಾಯಲು ಬಿಟ್ಟಳು ಎಂದು.

ಸುದ್ದಿ ಸುಳ್ಳು. ಫೋನಿನಲ್ಲಿ ಕೇಳಿಸುವ ದನಿ ಅವಳದಲ್ಲ. ಎಲ್ಲೋ ದೂರದಲ್ಲಿ ತಯಾರಾದ, ಯಾರದೂ ಅಲ್ಲದ ದನಿ ಅದು. ಅವಳು ಮನೆಯಲ್ಲೂ ಕೂತಿರಲಿಲ್ಲ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯಲ್ಲಿದ್ದ ಕಚೇರಿಗೆ ಎಂದಿನಂತೆ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ಕಂಪ್ಯೂಟರಿಗೆ ಅವಳು ಕೊಟ್ಟದ್ದು ಬರವಣಿಗೆಯನ್ನು.

ಅದು ಒಂದು ಸಣ್ಣ ಸೇವಾಸಂಸ್ಥೆ. ಕಾಡಂಚಿನ ಊರುಗಳ ಮೂತ್ರಪಿಂಡದ ರೋಗಿಗಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆತಂದು, ಡಯಾಲಿಸಿಸ್ ಮುಗಿದ ಮೇಲೆ ಮನೆಗೆ ಬಿಡುವುದು ಅದರ ಕೆಲಸ. ಹಿಂದಿನ ಸಂಜೆ ಮನೆಮನೆಗೆ ಫೋನು ಮಾಡಿ, ಬರುವವರು ಯಾರೆಂದು ತಿಳಿದು ಚಾಲಕನಿಗೆ ಹೇಳುವುದು ಜ್ಯೋತಿಲಕ್ಷ್ಮಿಯ ಪಾಲಿಗಿತ್ತು. ರಾಮಾಪುರದ ಪುಟ್ಟಮಾದಮ್ಮನಿಗೆ ಕಿವಿ ಮಂದ. ಫೋನೆತ್ತಿ "ಯಾರ್ಲಾ ಅದು" ಎಂದು ಗದರಿ, ಈಚೆಯ ಮಾತು ಕೇಳಿಸದೆ, ತನ್ನ ಆಡಿನ ಕುಂಟುಕಾಲಿನ ಕತೆಯನ್ನೆಲ್ಲ ಹೇಳಿ ಇಟ್ಟುಬಿಡುತ್ತಿದ್ದಳು. ಒಂದು ದಿನ ಜ್ಯೋತಿಲಕ್ಷ್ಮಿ ಜೀಪಿನ ಬಾಗಿಲಲ್ಲಿ ನಿಂತು ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗಿದಳು.

"ಸಂಜೆ ಫೋನಲ್ಲಿ ಬೆಳಕ್ ಬಂದ್ರೆ ಎತ್ಬ್ಯಾಡ ಕಣಜ್ಜಿ. ಅದು ನಿಂತ್ಮೇಲೆ ಒಂದ್ ಮಿಸ್ ಕಾಲ್ ಕೊಡು. ನೀ ಬತ್ತೀಯ ಅಂತ ನಂಗ್ ಗೊತ್ತಾಯ್ತದೆ."

"ಅಷ್ಟೇಯಾ? ನನ್ ಗಂಡನ್ಗೂ ನಂಗೂ ಇಂಗೇಯ ನಡೀತಿದ್ದದ್ದು. ಒಬ್ರಿಗೊಬ್ರು ಬಾಯ್ ಬುಟ್ಟವ್ರಲ್ಲ."

ಅಂದಿನಿಂದ ಸೋಮವಾರ, ಗುರುವಾರದ ಸಂಜೆಗಳಲ್ಲಿ ಆ ನಂಬರು ಒಮ್ಮೆ ಮಿನುಗಿ ಆರುತ್ತಿತ್ತು. ಎದುರು ಸಿಕ್ಕವರು ತಲೆಯಾಡಿಸಿದ ಹಾಗೆ. ಅದನ್ನು ಅವಳು ತನ್ನ ಕೆಲಸದ ಭಾಗವೆಂದು ಎಂದೂ ಎಣಿಸಲಿಲ್ಲ.

ಕಳೆದ ವರ್ಷ ಸಂಸ್ಥೆಗೆ ಎಐ ಏಜೆಂಟ್ ಬಂತು. ಕಚೇರಿಯ ಹಳೆಯ ನಂಬರಿನಿಂದ ತಾನೇ ಕರೆ ಮಾಡಿ, ಉತ್ತರ ಕೇಳಿ, ಜೀಪಿನ ಸೀಟು ಹಂಚುವ ತಂತ್ರಾಂಶ. ಸೀಟು ಹಿಡಿಯುವುದು, ಸೀಟು ಬಿಡುವುದು, ಚಾಲಕನಿಗೆ ದಾರಿ ಕಳಿಸುವುದು, ಹೀಗೆ ಅದರ ಕೈಗೆ ಕೊಡುವ ಒಂದೊಂದು ಕೆಲಸದ ಉಪಕರಣಕ್ಕೂ ಬರಹದ ವಿವರಣೆ ಬೇಕಿತ್ತು: ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಕೂಡದು. ವ್ಯವಸ್ಥಾಪಕ ಶಿವಕುಮಾರಸ್ವಾಮಿ ಅದನ್ನು ಜ್ಯೋತಿಲಕ್ಷ್ಮಿಗೇ ವಹಿಸಿದರು.

"ಏನೂ ಗೊತ್ತಿಲ್ದೋರ್ಗೆ ಹೇಳ್ದಂಗೆ ಬರೀಬೇಕಮ್ಮ. ಅದು ತಿರುಗಿಸಿ ಕೇಳಲ್ಲ."

ಅವಳು ಹಾಗೆಯೇ ಬರೆದಳು. ಮಳೆ ಬಿದ್ದಾಗ ಯಾವ ಹಳ್ಳ ದಾಟಬಾರದು, ಬಿಳಿಗಿರಿರಂಗನ ಬೆಟ್ಟದ ಗೇಟು ಮುಚ್ಚಿದ ಮೇಲೆ ಕಾಡೊಳಗಿನ ಪೋಡಿನ ರೋಗಿಯನ್ನು ಎಲ್ಲಿ ಉಳಿಸಬೇಕು ಎಂಬುದನ್ನೂ ಬಿಡಲಿಲ್ಲ. ಸೀಟು ಬಿಡುವ ಉಪಕರಣದ ಕೆಳಗೆ ಹೀಗಿತ್ತು: ರೋಗಿ ಕರೆಗೆ ಉತ್ತರಿಸದಿದ್ದರೆ ಮತ್ತೊಮ್ಮೆ ಕರೆ ಮಾಡು, ಆಗಲೂ ಉತ್ತರವಿಲ್ಲದಿದ್ದರೆ ಸೀಟನ್ನು ಕಾಯುತ್ತಿರುವ ಮುಂದಿನವರಿಗೆ ಕೊಡು. ಪರೀಕ್ಷೆಯ ದಿನಗಳಲ್ಲಿ ಎಲ್ಲ ಮನೆಗಳಲ್ಲೂ ಯಾರೋ ಒಬ್ಬರು ಫೋನೆತ್ತಿದರು. ರಾಮಾಪುರದಲ್ಲಿ ಆಗ ಊರಲ್ಲಿದ್ದ ಅಜ್ಜಿಯ ಮಗ ಮಾದೇಶ ಎತ್ತುತ್ತಿದ್ದ.

"ಎಷ್ಟ್ ಕ್ಲಿಯರಾಗಿ ಬರ್ದಿದ್ದೀಯಮ್ಮ! ಮೆಶೀನು ಒಂದ್ ಸಲಾನೂ ತಡವರಿಸ್ಲಿಲ್ಲ" ಎಂದರು ಶಿವಕುಮಾರಸ್ವಾಮಿ. ಆ ಮಾತನ್ನು ಅವಳು ಮನೆಗೆ ಹೋಗಿ ತಾಯಿಗೆ ಹೇಳಿದ್ದಳು. ಅನಂತರ ಯಳಂದೂರಿನಲ್ಲಿ ತೆರೆಯಲಿದ್ದ ಹೊಸ ಕೇಂದ್ರದ ಬರವಣಿಗೆಯೂ ಅವಳಿಗೇ ಬಂತು. ಸಂಜೆಯ ಕರೆಗಳ ಕಡೆ ನೋಡುವುದು ತಪ್ಪಿತು.

ಮಾದೇಶ ಸತ್ಯಮಂಗಲದ ಕಡೆ ಲಾರಿ ಲೋಡಿಗೆ ಹೋದ ವಾರ ಜೀಪು ರಾಮಾಪುರಕ್ಕೆ ಬರಲಿಲ್ಲ. ಮಂಗಳವಾರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಶನಿವಾರ, ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟಿದ್ದ ಪುಟ್ಟಮಾದಮ್ಮನನ್ನು ನೆರೆಯವರು ಆಟೋದಲ್ಲಿ ಹನೂರು ದಾಟಿಸುವಷ್ಟರಲ್ಲಿ ಜೀವ ಹೋಗಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ಎರಡೂ ಸಲ 'ಉತ್ತರವಿಲ್ಲ' ಎಂದು ದಾಖಲಾಗಿತ್ತು.

ಸುದ್ದಿ ಹೊನ್ನೂರಿಗೂ ಮುಟ್ಟಿತು. ಡೈರಿಯ ಮುಂದೆ ಹಾಲು ಹಾಕಲು ನಿಂತ ಹೆಂಗಸರು ತನ್ನನ್ನು ಕಂಡು ಮಾತು ನಿಲ್ಲಿಸಿದ ದಿನ ಜ್ಯೋತಿಲಕ್ಷ್ಮಿ ತಡೆಯಲಾರದೆ ರಾಮಾಪುರಕ್ಕೆ ಹೊರಟಳು. ಆ ದನಿ ತನ್ನದಲ್ಲ ಎಂದು ಹೇಳಿ ಬರಬೇಕು, ಅಷ್ಟೇ.

ಮಾದೇಶ ಜಗಲಿಯಲ್ಲಿ ಕೂತು ಆಡಿಗೆ ಸೊಪ್ಪು ಕಟ್ಟುತ್ತಿದ್ದ. ಕೂರು ಎನ್ನಲಿಲ್ಲ.

"ಅದು ನಾನಲ್ಲ ಮಾದೇಶಣ್ಣ, ಮೆಶೀನು. ನಿಮ್ಮವ್ವ ಫೋನ್ ಎತ್ನಿಲ್ಲ. ಅದ್ಕೇ ಸೀಟು ಬ್ಯಾರೆಯವ್ರಿಗೆ ಓಯ್ತು."

"ಎತ್ಬ್ಯಾಡ ಅಂದೋಳು ಯಾರವ್ವ?" ಅವನು ತಲೆಯೆತ್ತದೆ ಕೇಳಿದ. "ಎಲ್ಡ್ ಸಲಾನೂ ಮಿಸ್ ಕಾಲ್ ಕೊಟ್ಟವ್ಳೆ. ಪಕ್ಕದ್ಮನೆಯವ್ರು ಬಸ್ಸಿಗೋಗವ್ವ ಅಂದ್ರೆ, 'ಜ್ಯೋತಿಗ್ ಗೊತ್ತದೆ, ಜೀಪ್ ಕಳಿಸ್ತಳೆ' ಅನ್ಕಂಡು ಮದ್ಯಾನದ್ ಗಂಟ ಸ್ಟ್ಯಾಂಡಲ್ ಕುಂತಿದ್ಳಂತೆ."

ಜ್ಯೋತಿಲಕ್ಷ್ಮಿಗೆ ಆಗ ತಿಳಿಯಿತು. ಹಳ್ಳಗಳನ್ನು ಬರೆದಿದ್ದಳು, ಗೇಟನ್ನು ಬರೆದಿದ್ದಳು. ಅಜ್ಜಿಗೆ ತಾನೇ ಕಲಿಸಿದ್ದನ್ನು ಬರೆದಿರಲಿಲ್ಲ. ಹೇಳಲು ಬಂದ ಮಾತು ಮುಗಿದಿತ್ತು, ಅದು ನಿಜವೂ ಆಗಿತ್ತು. ಹಾಗೇ ಹೊರಟುಬರಬಹುದಿತ್ತು.

"ಮೆಶೀನಿಗೆ ಹೇಳ್ಕೊಟ್ಟೋಳು ನಾನೇಯ" ಎಂದಳು. "ಎಲ್ಲಾ ಬರ್ದೆ. ಅಜ್ಜಿದು ಮಿಸ್ ಕಾಲ್ ವಿಸ್ಯ ಬರೀನಿಲ್ಲ."

"ಮರ್ತೋಯ್ತಾ?"

"ಇಲ್ಲ. ಅದು ಹೇಳ್ಬೇಕಾದ್ದು ಅಂತ್ಲೇ ಅನ್ನಿಸ್ನಿಲ್ಲ."

ಮಾದೇಶ ಸೊಪ್ಪಿನ ಹುರಿಯನ್ನು ಬಿಗಿದು ಗಂಟು ಹಾಕಿದ. "ಮರ್ತಿದ್ರೆ ಬಯ್ಬೋದಾಗಿತ್ತು" ಎಂದ. ಆಮೇಲೆ, "ಓಗವ್ವ, ಬಸ್ ತಪ್ಪೋಯ್ತದೆ."

ಮರುದಿನವೇ ಅವಳು ವಿವರಣೆಯನ್ನು ತಿದ್ದಿದಳು: ಮಿಸ್ಡ್ ಕಾಲ್ ಬಂದರೆ ರೋಗಿ ಬರುತ್ತಾರೆಂದೇ ಅರ್ಥ, ಸೀಟು ಬಿಡಕೂಡದು. ತಪ್ಪು ಯಾರದೂ ಅಲ್ಲ ಎಂದರು ಶಿವಕುಮಾರಸ್ವಾಮಿ. ಅಜ್ಜಿಯ ಹೃದಯ ಮೊದಲೇ ಸೋತಿತ್ತು ಎಂದರು ವೈದ್ಯರು. ದನಿ ಮಾರಿದ ಸುದ್ದಿ ಇನ್ನೂ ಬಸ್ಸಿನಲ್ಲಿದೆ. ಅದನ್ನು ತಿದ್ದಲು ಅವಳು ಹೋಗಲಿಲ್ಲ, ಮಾದೇಶನೂ ಯಾರಿಗೂ ಏನೂ ಹೇಳಲಿಲ್ಲ.

ಜ್ಯೋತಿಲಕ್ಷ್ಮಿ ಈಗ ಯಳಂದೂರಿನ ಕೇಂದ್ರದಲ್ಲಿ ವಿವರಣೆಗಳನ್ನು ಬರೆಯುತ್ತಾಳೆ. ಕೊಳ್ಳೇಗಾಲದ ಜೀಪು ಮಂಗಳವಾರ, ಶುಕ್ರವಾರ ಹನೂರಿನವರೆಗೆ ಹೋಗಿ ಹಿಂದಿರುಗುತ್ತದೆ. ರಾಮಾಪುರದಲ್ಲಿ ಈಗ ರೋಗಿಗಳಿಲ್ಲ.