ಬನ್ನುವಿನವರ ಹರಿವಾಣ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅಮ್ಮ, ತಮ್ಮ ಪ್ರಸಾದ ಮತ್ತು ನಾನು ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನಿಂದ ಫರೀದಾಬಾದಿಗೆ ಹೊರಟೆವು. ಹೆಸರಿಗೆ ಹುಡುಗಿ ನೋಡುವ ಶಾಸ್ತ್ರ. ಪ್ರಸಾದನೂ ಅವನ ಕಾರ್ಖಾನೆಯಲ್ಲೇ ಕೆಲಸ ಮಾಡುವ ರೀಮಾಳೂ ಆಗಲೇ ಒಪ್ಪಿ ಕೂತಿದ್ದರು. ಉಡುಪಿ ಕಡೆಯಿಂದ ಬಂದಿದ್ದ ಅಮ್ಮ ಹೂಂ ಅನ್ನಬೇಕಿತ್ತು, ಅಷ್ಟೇ.

ಬದರಪುರದ ಗಡಿಯವರೆಗೆ ಬಸ್ಸು ಮಂಜಿನಲ್ಲಿ ತಡವರಿಸುತ್ತ ಹೋಯಿತು. ಎದುರಿನ ಲಾರಿ ಮೈಮೇಲೆ ಬಂದಾಗಷ್ಟೇ ಕಾಣುತ್ತಿತ್ತು. "ಎಂತ ಮಾರಾಯ್ತಿ, ಡ್ರೈವರನಿಗಾದ್ರೂ ರಸ್ತೆ ಕಾಣ್ತದಾ?" ಎಂದು ಅಮ್ಮ ನನ್ನ ಕೈ ಹಿಡಿದರು.

ನನಗೆ ಲಾರಿಗಿಂತ ಊಟದ ಭಯ. ರೀಮಾಳ ಮನೆಯವರು ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಸೇರಿದ ಬನ್ನು ಎಂಬ ಊರಿನಿಂದ ಬಂದವರು. ಮನೆಗೆ ಬೇಕಾದವರು ಬಂದರೆ ಪೈಂಡಾ ಮಾಡುತ್ತಾರೆ. ರೊಟ್ಟಿ ಚೂರುಗಳನ್ನು ಕೋಳಿ ಸಾರಿನಲ್ಲಿ ನೆನೆಸಿ, ದೊಡ್ಡ ಹರಿವಾಣಕ್ಕೆ ಸುರಿದು, ಎಲ್ಲರೂ ಸುತ್ತ ಕೂತು ಅದರಲ್ಲೇ ಕೈಹಾಕಿ ತಿನ್ನುವುದು. ಅಮ್ಮನಿಗೆ ಕೋಳಿಯ ತಕರಾರಿಲ್ಲ. ಆದರೆ ನಾನು ಕುಡಿದ ಲೋಟವನ್ನೂ ತೊಳೆಯದೆ ಮುಟ್ಟುವವರಲ್ಲ. ಎಂಜಲು ಅಂದರೆ ಎಂಜಲೇ.

"ಹೆದರಬೇಡ ಅಕ್ಕ, ಫೋನ್ ಮಾಡಿ ಎಲ್ಲ ಸೆಟ್ ಮಾಡಿದ್ದೇನೆ," ಎಂದು ಪ್ರಸಾದ ಶೇರ್ ಆಟೋದಲ್ಲಿ ಪಿಸುಗುಟ್ಟಿದ. ಏನು ಸೆಟ್ಟೋ ಎಂದು ಕೇಳುವಷ್ಟರಲ್ಲಿ ಮನೆ ಬಂತು.

ರೀಮಾಳ ಅಜ್ಜಿಯನ್ನು ಎಲ್ಲರೂ ಬೀಜಿ ಅನ್ನುತ್ತಿದ್ದರು. ಅವರು ಬಾಗಿಲಲ್ಲೇ ಅಮ್ಮನನ್ನು ತಬ್ಬಿಕೊಂಡರು. ಒಳಗೆ ಚಾಪೆಯ ನಡುವೆ ಹರಿವಾಣ ಹಬೆಯಾಡುತ್ತಿತ್ತು. ದೂರದಲ್ಲಿ, ಗೋಡೆಯ ಪಕ್ಕ ಒಂದು ಕುರ್ಚಿ, ಸ್ಟೂಲಿನ ಮೇಲೆ ಹೊಸ ಸ್ಟೀಲ್ ತಟ್ಟೆ. ಬೀಜಿ ಅಮ್ಮನನ್ನು ಅಲ್ಲಿಗೆ ಕರೆದೊಯ್ದರು.

ಅಮ್ಮ ಕೂರದೆ ನನ್ನ ಕಡೆ ತಿರುಗಿದರು. "ನನಗೆ ಮಾತ್ರ ಬೇರೆ ಯಾಕೆ? ಸಣ್ಣವಳಿದ್ದಾಗ ಊರಿನ ಹೋಟೆಲಿನಲ್ಲಿ ನಮ್ಮ ಜಾತಿಯವರನ್ನು ಹೊರಗೆ ಕೂರಿಸಿ ತೆಂಗಿನ ಗೆರಟೆಯಲ್ಲಿ ಚಾ ಕೊಡ್ತಿದ್ರು. ಇವರ ಹತ್ರ ಕೇಳು, ನಾನು ಮುಟ್ಟಿದ್ರೆ ಮೈಲಿಗೆಯಾ?"

ಈ ಮಾತನ್ನು ಅಮ್ಮ ನಮಗೆಂದೂ ಹೇಳಿರಲಿಲ್ಲ. ಪ್ರಸಾದ ತಲೆ ತಗ್ಗಿಸಿ ನಿಂತ. ಮುಗಿಯಿತಪ್ಪಾ ಮದುವೆ, ಅಂದುಕೊಂಡೆ. ಆದರೂ ನನ್ನ ಹರಕು ಹಿಂದಿಯಲ್ಲಿ ಒಂದಕ್ಷರ ಬಿಡದೆ ಹೇಳಿದೆ.

ಬೀಜಿ ಕೆನ್ನೆಗೆ ಹೊಡೆದುಕೊಂಡರು. "ಹಾಯ್ ರಬ್ಬಾ! ನೀವು ಯಾರ ಎಂಜಲೂ ಮುಟ್ಟೋರಲ್ಲ ಅಂತ ನಿಮ್ಮ ಮಗನೇ ಫೋನಲ್ಲಿ ಹೇಳಿದ, ಬೇಟಾ. ಬಂದವರನ್ನ ದೂರ ಕೂರಿಸಬೇಕಲ್ಲಾ ಅಂತ ಬೆಳಗ್ಗಿನಿಂದ ನನ್ನ ಜೀವ ನಡುಗ್ತಿದೆ."

ನಾನು ಅದನ್ನು ಕನ್ನಡಕ್ಕೆ ತಂದೆ. ಅಮ್ಮ ಪ್ರಸಾದನನ್ನು ದುರುಗುಟ್ಟಿ ನೋಡಿದರು. ಆಮೇಲೆ ಬಂದು ಚಾಪೆಯ ಮೇಲೆ ಬೀಜಿಯ ಪಕ್ಕ ಕೂತರು. ಕೈ ಹರಿವಾಣದ ಮೇಲೆ ನಿಂತುಬಿಟ್ಟಿತು. ಅಮ್ಮ ಕಣ್ಣು ಮುಚ್ಚಿ ಒಂದು ತುತ್ತು ತೆಗೆದುಕೊಂಡರು. ಎರಡನೆಯದಕ್ಕೆ ಕಣ್ಣು ಮುಚ್ಚಲಿಲ್ಲ.

ಹಿಂದಿರುಗುವಾಗ, ಬದರಪುರದಲ್ಲಿ ಬಸ್ಸು ಹೊರಟ ಮೇಲೆ ಅಮ್ಮ ಪ್ರಸಾದನ ಕಡೆ ತಿರುಗಿದರು.

"ಇನ್ನೊಮ್ಮೆ ನನ್ನ ಪರವಾಗಿ ಫೋನ್ ಮಾಡಿದ್ರೆ ಕಾಲು ಮುರೀತೇನೆ. ಮದುವೆ ದಿನ ನನ್ನ ಪಕ್ಕದ ಎಲೆ ಬೀಜಿಗೆ."