ಕುದುರೆ ಹತ್ತಿ ಕೆಟ್ಟ ಫೇರೋ

ತಪ್ಪು ನನ್ನದೇ. ಈಜಿಪ್ಟಿನ ರಾಜನನ್ನು ಕುದುರೆ ಹತ್ತಿಸಿದವನು ನಾನು. ಹತ್ತಿಸಿದ್ದು ಸಾಲದೆಂದು, ಮತ್ತೆ ಇಳಿಯದ ಹಾಗೆ ಸೂಪರ್ ಗ್ಲೂ ಹಾಕಿ ಕೂರಿಸಿದವನೂ ನಾನೇ. ಅರ್ಧ ತಪ್ಪು ಅತ್ತಿಗೆಯದು ಎಂದು ಆವತ್ತು ವಾದಿಸಿದ್ದೆ. ಈಗ ಕಾಲು ಭಾಗಕ್ಕೆ ಇಳಿದಿದ್ದೇನೆ.

ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿರುವ ಅಣ್ಣನ ಮನೆಯ ನವರಾತ್ರಿ ಗೊಂಬೆಗಳನ್ನು ಜನ ಎರಡು ವರ್ಷ ಝೂಮ್‌ನಲ್ಲೇ ನೋಡಿ, ಝೂಮ್‌ನಲ್ಲೇ ‘ಉಸಲಿ ಘಮಘಮ’ ಎಂದು ಹೊಗಳಿದ್ದರು. ಮಾಸ್ಕ್ ಕಳಚಿದ ವರ್ಷ ಅತ್ತಿಗೆಗೆ ಉತ್ಸಾಹ ಉಕ್ಕಿ, ಆರನೇ ಕ್ಲಾಸಿನ ಮಗಳಿಗೂ ಕೆಳಗಿನ ಮೆಟ್ಟಿಲೊಂದನ್ನು ಬಿಟ್ಟುಕೊಟ್ಟರು. ಅಲ್ಲಿ ಈಜಿಪ್ಟ್ ಕಟ್ಟುತ್ತೇನೆಂದಳು ಅವಳು. ಅದಕ್ಕೆ ಕಾರಣವಿತ್ತು. ಫೇರೋಗಳು ಕುದುರೆ ಮೇಲೆ ಕೂತು ಯುದ್ಧಕ್ಕೆ ಹೋಗುತ್ತಿದ್ದರು ಎಂದು ಕ್ಲಾಸಿನಲ್ಲಿ ಒಬ್ಬ ಹುಡುಗ ಹೇಳಿದ್ದ. ಇವಳು ಎದ್ದು ನಿಂತು, ಅವರ ದೇವಾಲಯಗಳ ಗೋಡೆಯಲ್ಲಿ ರಾಜ ರಥದಲ್ಲಿ ನಿಂತಿರುತ್ತಾನೆಯೇ ಹೊರತು ಕುದುರೆ ಬೆನ್ನ ಮೇಲೆ ಕೂತಿರುವುದಿಲ್ಲ ಎಂದು ವಾದಿಸಿದ್ದಳು. ಕ್ಲಾಸೆಲ್ಲ ನಕ್ಕಿತ್ತು. ‘ಮನೆಗೆ ಬನ್ನಿ, ಮಾಡಿ ತೋರಿಸ್ತೀನಿ’ ಎಂದು ಟೀಚರನ್ನೇ ಕರೆದಿದ್ದಳು. ಟೀಚರ್ ಬರುತ್ತೇನೆ ಎಂದುಬಿಟ್ಟಿದ್ದರು.

ಇದ್ಯಾವುದೂ ಲಾಸ್ ಏಂಜಲೀಸ್‌ನಲ್ಲಿದ್ದ ನನಗೆ ಗೊತ್ತಿರಲಿಲ್ಲ. ನನಗೆ ಬಂದದ್ದು ಅತ್ತಿಗೆಯ ಫೋನು. ಮಗಳು ಇಂಗ್ಲಿಷಿನಲ್ಲಿ ಒಪ್ಪಿಸಿದ್ದನ್ನು ಅವರು ಮೈಸೂರು ಕನ್ನಡಕ್ಕೆ ಇಳಿಸಿದರು.

“ನಿಂಗೆ ಕೈಕೆಲಸ ಬರತ್ತಲ್ಲೋ, ಈಜಿಪ್ಟ್ ರಾಜನ ಸವಾರಿ ಒಂದು ಮಾಡ್ಕೊಂಡ್ಬಾ. ಚಿನ್ನದ ಬಣ್ಣ ಧಾರಾಳವಾಗಿ ಬಳಿ.”

ಸವಾರಿ ಎಂದರೆ ಕುದುರೆ. ಇದರಲ್ಲಿ ಯೋಚಿಸುವುದೇನಿದೆ? ನಮ್ಮೂರಿನ ಸರ್ಕಲ್‌ಗಳಿಂದ ಹಿಡಿದು ಸ್ಯಾನ್ ಡಿಯಾಗೋದ ಬಾಲ್ಬೋವಾ ಪಾರ್ಕಿನವರೆಗೆ ಗಂಭೀರ ಮುಖದ ವೀರನೆಂದರೆ ಕುದುರೆ ಮೇಲೆ ಕೂತವನೇ. ಜೇಡಿಮಣ್ಣಿನಲ್ಲಿ ರಾಜನನ್ನು ಮಾಡಿ, ಉದ್ದ ಗಡ್ಡ ಅಂಟಿಸಿ, ಕಿರೀಟ ಇಟ್ಟು, ಮುಂಗಾಲೆತ್ತಿದ ಕುದುರೆಯ ಮೇಲೆ ಕೂರಿಸಿದೆ. ಶನಿವಾರ ಪಕ್ಕದ ಸೀಟಿನಲ್ಲಿ ಅವನಿಗೂ ಬೆಲ್ಟ್ ಹಾಕಿ ಹೊರಟೆ. ಕಾರ್‌ಪೂಲ್ ಲೇನಿಗೆ ಕಾರಿನಲ್ಲಿ ಇಬ್ಬರಿರಬೇಕು. ಫೇರೋನನ್ನು ಒಬ್ಬನೆಂದು ಲೆಕ್ಕ ಹಿಡಿಯಬಹುದೇ ಎಂದು ದಾರಿಯಲ್ಲಿ ಸಿಗುವ ಅರ್ವೈನ್‌ವರೆಗೂ ಯೋಚಿಸಿದೆ. ಅಲ್ಲಿಂದ ಮುಂದೆ ಅವನ ಗಡಸು ದನಿಯಲ್ಲಿ ನಾನೇ ಟ್ರಾಫಿಕ್ಕನ್ನು ಶಪಿಸುತ್ತ ಹೋದೆ.

ಬಾಗಿಲು ತೆಗೆದ ಹುಡುಗಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

“ಚಿಕ್ಕಪ್ಪ, ನೋ. ನೋ, ನೋ, ನೋ!”

ಟೀಚರ್ ಇನ್ನೊಂದು ಗಂಟೆಗೆ ಬರುವವರಿದ್ದರು. ಕ್ಲಾಸಿನ ಕಥೆಯನ್ನು ಅವಳು ಅಳುತ್ತಲೇ ಹೇಳಿದಳು. ಅತ್ತಿಗೆ ಒಗ್ಗರಣೆ ಸೌಟು ಹಿಡಿದೇ ಓಡಿ ಬಂದರು.

“ನಾನು ಹೇಳಿದ್ದು ಸವಾರಿ ಕಣೋ! ರಾಜ ಮೆರವಣಿಗೇಲಿ ಬರೋದು! ಜಂಬೂ ಸವಾರೀಲಿ ಮಹಾರಾಜರು ಕುದುರೆ ಮೇಲೆ ಬರ್ತಿದ್ರೇನೋ?”

“ಇಲ್ಲ ಅತ್ತಿಗೆ, ಆನೆ ಮೇಲೆ ಬರ್ತಿದ್ರು. ಆನೆ ಮಾಡಿಕೊಡ್ಲಾ?”

“ಬಾಯ್ಮುಚ್ಚು. ರಥ ಅನ್ನೋದು ನಿನ್ನ ತಲೆಗೆ ಹೊಳೀಲಿಲ್ವಾ?”

“ನಿಮ್ಮ ಬಾಯಿಗೆ ಬಂದಿದ್ರೆ ನನ್ನ ತಲೆಗೂ ಹೊಳೀತಿತ್ತು.”

ಹುಡುಗಿಯನ್ನು ನಗಿಸೋಣವೆಂದು ಝೂಮ್ ಕಾಲದ ಅವಳ ಟೀಚರ್ ಹಾಗೆ ಕತ್ತು ವಾಲಿಸಿ, “ಸ್ವೀಟೀ, ಯೂ ಆರ್ ಆನ್ ಮ್ಯೂಟ್” ಎಂದೆ. ಆ ಮನೆಯಲ್ಲಿ ಸದಾ ನಗು ತರುತ್ತಿದ್ದ ನನ್ನ ಸರಕು ಅದು. ಅವಳು ನಗಲಿಲ್ಲ. ಕಣ್ಣೊರೆಸಿಕೊಂಡು, ಅಂಟು ಬಿಡಿಸಲು ಅಮ್ಮನ ನೇಲ್ ಪಾಲಿಶ್ ರಿಮೂವರ್ ತಂದಳು.

ಮೊದಲು ಗಡ್ಡ ಕಿತ್ತು ಬಂತು. ಆಮೇಲೆ ಕಿರೀಟ, ಅದರ ಜೊತೆಗೆ ಹಣೆಯ ಚಿನ್ನವೂ. ಕುದುರೆಯಿಂದ ಮಾತ್ರ ಮನುಷ್ಯ ಅಲುಗಲಿಲ್ಲ. ಈಜಿಪ್ಟಿನ ಚಿತ್ರಗಳಲ್ಲಿ ಕುದುರೆ ಬೆನ್ನ ಮೇಲೆ ಕೂತವರೂ ಇದ್ದಾರಂತೆ, ಆದರೆ ಅವರು ಸುದ್ದಿ ಒಯ್ಯುವವರು, ಲಾಯದ ಆಳುಗಳು. ನನ್ನ ಫೇರೋಗೆ ಆ ಕೆಲಸ ಕೊಟ್ಟು ಅವಳು ಅಂಚಿಗೆ ಸರಿಸಿದಳು. ಟಿಶ್ಯೂ ಪೆಟ್ಟಿಗೆಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳನ್ನು ಚಕ್ರ ಮಾಡಿ, ಮುಂದೆ ಚನ್ನಪಟ್ಟಣದ ಎರಡು ಮರದ ಕುದುರೆ ಕಟ್ಟಿದಳು. ಇನ್ನು ರಾಜ ಬೇಕು. ಮೇಲಿನ ಮೆಟ್ಟಿಲಲ್ಲಿ ಅಕ್ಕಿ-ಬೇಳೆ ಅಂಗಡಿ ಇಟ್ಟುಕೊಂಡು ಹೆಂಡತಿಯ ಪಕ್ಕ ಕೂತಿದ್ದ ದಪ್ಪ ಹೊಟ್ಟೆಯ ಶೆಟ್ಟರ ಗೊಂಬೆಯನ್ನು ಎತ್ತಿ ರಥದಲ್ಲಿಟ್ಟು, ಕಿರೀಟ ತೊಡಿಸಿದಳು. ಕಡಿವಾಣದ ದಾರವನ್ನು ಶೆಟ್ಟರ ಸೊಂಟಕ್ಕೇ ಸುತ್ತಿದಳು. ದೇವಾಲಯದ ಆ ಗೋಡೆಗಳ ಮೇಲೆ ರಾಜರು ಹಾಗೆಯೇ ಕಟ್ಟಿಕೊಂಡಿರುತ್ತಾರಂತೆ, ಬಿಲ್ಲು ಹಿಡಿಯಲು ಎರಡೂ ಕೈ ಬಿಡುವಾಗಿರಲೆಂದು.

“ಶೆಟ್ಟಮ್ಮ ಒಬ್ಳೇ ಅಂಗಡಿ ನೋಡ್ಕೋಬೇಕಲ್ಲೇ,” ಎಂದರು ಅತ್ತಿಗೆ. ಅಷ್ಟರಲ್ಲಿ ಕರೆಗಂಟೆ ಹೊಡೆಯಿತು.

ಟೀಚರ್ ಅರಿಶಿನ ಕುಂಕುಮ ತೆಗೆದುಕೊಂಡು, ಚಪ್ಪಲಿ ಎಲ್ಲಿಡಬೇಕೆಂದು ಎರಡು ಸಲ ಕೇಳಿ, ಈಜಿಪ್ಟಿನ ಮುಂದೆ ನೆಲದಲ್ಲೇ ಕೂತರು. ಹುಡುಗಿಯ ದನಿ ಮೊದಲು ನಡುಗಿತು. ಥರ್ಮಾಕೋಲ್ ಪಿರಮಿಡ್ ದಾಟಿ ರಥಕ್ಕೆ ಬರುವಷ್ಟರಲ್ಲಿ ಗಟ್ಟಿಯಾಯಿತು. ಟೀಚರ್ ತಲೆದೂಗಿದರು. ಆಮೇಲೆ ಅವರ ಬೆರಳು ಅಂಚಿಗೆ ಹೋಯಿತು. ಈ ಕುದುರೆಯವನೂ ರಾಜನೇ, ಎಂದು ಕೇಳಿದರು.

ಅವಳು ಉತ್ತರಕ್ಕೆ ಬಾಯಿ ತೆರೆದಿದ್ದಳು. ನನಗೆ ತಡೆಯಲಾಗಲಿಲ್ಲ, ಹೆತ್ತ ಕರುಳು. ಟಿವಿಯಲ್ಲಿ ಇತಿಹಾಸ ಹೇಳುವವರ ಭಾರದ ದನಿ ತಂದುಕೊಂಡು, “ಆ್ಯಕ್ಚುಲಿ ಮೇಡಂ, ಒರಿಜಿನಲಿ ಇವನೇ...” ಎಂದು ಶುರು ಮಾಡಿದೆ.

ಯಾವತ್ತೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಟೀಚರ್ ಕಡೆಗಿನ ನಗುವನ್ನು ಸ್ವಲ್ಪವೂ ಕದಲಿಸದೆ ಅಚ್ಚ ಕನ್ನಡದಲ್ಲಿ ಅಂದಳು:

“ಚಿಕ್ಕಪ್ಪ, ನೀನು ಹೋಗಿ ಉಸಲಿ ತಗೊಂಡ್ಬಾ. ಈಜಿಪ್ಟ್ ನಾನು ನೋಡ್ಕೋತೀನಿ.”