ಆರು ಗಂಟು, ಆರು ಬಾಟಲಿ

ಸತ್ತದ್ದು ದರಿಬಡಚಿ ಹಳ್ಳಿಯ ಲಗಮವ್ವನ ಹದಿನೇಳು ಕುರಿಗಳು. ತಪ್ಪು ನಮ್ಮ ಕೋಡ್‌ನದು. ನಮ್ಮಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.

ಎರಡು ವರ್ಷಗಳ ಹಿಂದೆ ನಾನು ಕನ್ನಡ-ಮರಾಠಿ ಗಡಿಯ ಜತ್ತ ತಾಲೂಕಿನ ಕುರಿ ಲಸಿಕೆ ಅಭಿಯಾನವೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಹಿಂಡುಗಳು ವಲಸೆ ಹೊರಡುವ ಮುನ್ನ ಕರುಳುಬೇನೆಯ ಲಸಿಕೆ ಪ್ರತಿಯೊಂದು ಕುರಿಗೂ ತಲುಪಬೇಕಿತ್ತು. ನೋಂದಣಿಗೆ ಹೋದಾಗ ಲಗಮವ್ವ ಹಗ್ಗವೊಂದನ್ನು ಮುಂದೆ ಹಿಡಿದಳು. "ಆರು ಗಂಟ ಅದಾವ್ರಿ. ತಲಿ ಎಣಿಸಿ ಬಾಯ್ಲೆ ಹೇಳಂಗಿಲ್ಲ, ದಿಟ್ಟಿ ಆಗತೈತಿ." ಇಪ್ಪತ್ತು ಕುರಿಗೆ ಒಂದು ಗಂಟು.

ಆದ್ದರಿಂದ ನಮ್ಮ ನೋಂದಣಿ ಅರ್ಜಿಯೂ ಗಂಟುಗಳನ್ನೇ ಕೇಳಿತು. ಗಂಟನ್ನು 20ರಿಂದ ಗುಣಿಸಿದರೆ ಕುರಿಗಳ ಸಂಖ್ಯೆ. ಬಾಟಲಿಯಲ್ಲಿ ಇಪ್ಪತ್ತು ಡೋಸ್ ಇದ್ದುದರಿಂದ ಅದನ್ನು ಮತ್ತೆ 20ರಿಂದ ಭಾಗಿಸಿದರೆ ಬಾಟಲಿಗಳ ಸಂಖ್ಯೆ. ಕೋಡ್‌ನಲ್ಲಿ ಎರಡೂ ಕಡೆ ಬರಿಯ ಅಂಕಿ ಬರೆದೆ, ಯಾವ 20 ಯಾವುದರದು ಎಂದು ಹೆಸರಿಡಲಿಲ್ಲ. ಮೊದಲ ತಪ್ಪು ನನ್ನದು.

ಮರುವರ್ಷ ಹತ್ತು ಡೋಸ್‌ನ ಬಾಟಲಿ ಬಂತು. ಸಹೋದ್ಯೋಗಿಯೊಬ್ಬ ಕಡತದಲ್ಲಿದ್ದ ಎಲ್ಲ 20ನ್ನೂ ಒಂದೇ ಆಜ್ಞೆಯಿಂದ 10 ಮಾಡಿದ. ಗಂಟಿನೊಳಗಿನ ಕುರಿಗಳೂ ಹತ್ತಾದವು. ಪಟ್ಟಿಯಲ್ಲಿ ಲಗಮವ್ವನಿಗೆ ಹೋದ ವರ್ಷದಂತೆಯೇ ಆರು ಬಾಟಲಿ. ಆ 'ಹೋದ ವರ್ಷದಂತೆಯೇ' ಎಂಬುದೇ ನಮ್ಮ ತಪಾಸಣೆಯಾಯಿತು. ಸಹಿ ನನ್ನದು.

ಅರವತ್ತು ಕುರಿಗಳಾಗುವಷ್ಟರಲ್ಲಿ ಬಾಟಲಿ ಮುಗಿದವು. ಲಸಿಕೆ ಹಾಕುವವನು ಮೇಲ್ವಿಚಾರಕರಿಗೆ ಫೋನ್ ಮಾಡಿದ. "ಪಟ್ಟಿ ಪ್ರಕಾರ ಬರೋಬರಿ ಐತಿ. ಲಗೂನ ಮುಂದಿನ ಊರು ಶೇಗಾಂವಕ್ಕ ಹೋಗು" ಎಂದರು.

"ಉಳದಾವು ನಮ್ಮ ಬೀಗರ ಕುರಿ ಏನೋ ಯಪ್ಪಾ?" ಎಂದು ಲಗಮವ್ವ ಕೇಳಿದಳಂತೆ. ಅವನು ಶೇಗಾಂವದ ದಾರಿ ಹಿಡಿದ. ಮೂರನೆಯ ದಿನ ಹಿಂಡು ಹೊರಟಿತು. ಹೊಸ ಹುಲ್ಲು ಮೇಯ್ದಲ್ಲಿ ಬೇನೆ ಹತ್ತಿತು.

ಸುದ್ದಿ ಬಂದ ಮೇಲೆ ಕೋಡನ್ನು ಸಾಲುಸಾಲಾಗಿ ಓದಿ ಆ ಎರಡು 10ಗಳನ್ನು ಹಿಡಿದೆ. ಹಿಂಡು ಮರಳಿದಾಗ ದರಿಬಡಚಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. "ಕುಂದ್ರಿ" ಎಂದು ಲಗಮವ್ವ ಹಗ್ಗ ತಂದಳು. ಅದರಲ್ಲಿ ಐದೇ ಗಂಟುಗಳಿದ್ದವು. "ಗಂಟು ಅಂದ್ರ ಎಷ್ಟು ಅಂತ ನಿಮ್ಮ ಕಂಪ್ಯೂಟರ್‌ಗಿ ಯಾರೂ ಹೇಳಿರಲಿಲ್ಲೇನ್ರಿ?"

ಹೇಳಿರಲಿಲ್ಲ. ಎಲ್ಲ ಅಂಕಿಗೂ ಹೆಸರು ಬೇಡ. ಕೋಡ್‌ನಲ್ಲಿ ಎಣಿಕೆ ಶುರುವಾಗುವ ಸೊನ್ನೆ ಸೊನ್ನೆಯಾಗಿಯೇ ಇರಲಿ. ಆದರೆ ಹೊರಗಿನ ಜಗತ್ತು ನಾಳೆ ಬದಲಿಸಬಹುದಾದ ಅಂಕಿಗೆ, ಬೇರೊಂದರ ಜೊತೆ ಆಕಸ್ಮಿಕವಾಗಿ ಸಮನಾಗಿರುವ ಅಂಕಿಗೆ, ಹೆಸರು ಬೇಕೇಬೇಕು. ಈಗ ಕಡತದ ತಲೆಯಲ್ಲಿ ಎರಡು ಸಾಲುಗಳಿವೆ: ಗಂಟಿಗೆ_ಕುರಿ = 20, ಬಾಟಲಿಗೆ_ಡೋಸ್ = 10.

ಅಭಿಯಾನದ ಅಧಿಕಾರಿಗಳೇ, ಈ ಎರಡು ಸಾಲುಗಳನ್ನು ಈ ವರ್ಷದ ಪ್ರತಿ ಪಟ್ಟಿಯ ಮೇಲೂ ಕನ್ನಡ, ಮರಾಠಿ ಎರಡರಲ್ಲೂ ಮುದ್ರಿಸಿ. ಕುರಿಗಾರರ ಮುಂದೆ ಓದಿ ಹೇಳಿ. ಲಗಮವ್ವ ತನ್ನ ಹಗ್ಗ ಹಿಡಿದು ತಾಳೆ ನೋಡಿ "ಹೌದ್ರಿ" ಎನ್ನುವವರೆಗೆ ಆ ಪಟ್ಟಿಗೆ ಸಹಿ ಹಾಕಬೇಡಿ.